ಪಾಸ್‌ಪೋರ್ಟ್ ಹಿಡಿದು ಬಂದ ಪ್ರೇಕ್ಷಕ: ಬೆಲಾರುಸ್ ಫ್ರೀ ಥಿಯೇಟರಿನ ಸಂಚಾರಿ ಪ್ರಯೋಗಗಳನ್ನು ಕುರಿತು

ಬೆಲಾರುಸ್ ದೇಶದ ರಾಜಧಾನಿ ಮಿನ್ಸ್ಕ್ ನಗರದಲ್ಲಿ, 2005ರ ನಂತರದ ವರ್ಷಗಳಲ್ಲಿ, ಒಂದು ತಂಡದ ನಾಟಕ ನೋಡಲು ಹೊರಟವರಿಗೆ ತಪ್ಪದೆ ಒಂದು ಸೂಚನೆ ಸಿಗುತ್ತಿತ್ತು: ಬರುವಾಗ ಪಾಸ್‌ಪೋರ್ಟ್ ತನ್ನಿ. ಆ ದೇಶದಲ್ಲಿ ಪಾಸ್‌ಪೋರ್ಟೇ ಒಳನಾಡಿನ ಗುರುತಿನ ಪತ್ರವೂ ಹೌದು. ಪೊಲೀಸರು ನುಗ್ಗಿ ಎಲ್ಲರನ್ನೂ ಠಾಣೆಗೆ ಒಯ್ದರೆ, ಗುರುತಿನ ಪತ್ರ ಕೈಯಲ್ಲಿದ್ದವರಿಗೆ ಬೇಗ ಬಿಡುಗಡೆ ಸಿಕ್ಕೀತು ಎಂಬುದು ಈ ಸೂಚನೆಯ ಹಿಂದಿದ್ದ ಲೆಕ್ಕಾಚಾರ. ನಾಟಕ ನಡೆಯುವ ಸ್ಥಳವನ್ನು ಮೊದಲೇ ಪ್ರಕಟಿಸುತ್ತಿರಲಿಲ್ಲ. ಹೆಸರು ಕೊಟ್ಟವರಿಗೆ ಫೋನಿನಲ್ಲಿ ಸಂದೇಶ ಹೋಗುತ್ತಿತ್ತು. ಅವರು ಹೇಳಿದ ಜಾಗದಲ್ಲಿ ಬಂದು ನಿಲ್ಲಬೇಕು. ಅಲ್ಲಿಂದ ಯಾರೋ ಒಬ್ಬರು ಅವರನ್ನು ಒಂದು ಖಾಸಗಿ ಮನೆಗೋ ಊರಾಚೆಯ ಕಾಡಿಗೋ ಕರೆದೊಯ್ಯಬೇಕು. ಟಿಕೆಟ್ಟಿಲ್ಲ, ಹಣವಿಲ್ಲ. ಪರವಾನಗಿಯಿಲ್ಲದ ತಂಡ ಹಣ ಪಡೆದರೆ ಅದೇ ಇನ್ನೊಂದು ಅಪರಾಧವಾಗುತ್ತಿತ್ತು.

ಚರ್ಚೆಯನ್ನು ಈ ಸೂಚನೆಯಿಂದ ಆರಂಭಿಸುವುದಕ್ಕೆ ಕಾರಣವಿದೆ. ಕಲಾಸ್ವಾತಂತ್ರ್ಯವನ್ನು ಕುರಿತ ನಮ್ಮ ಬಹುಪಾಲು ಬರೆಹಗಳು ಕಲಾವಿದನನ್ನು ಮಾತ್ರ ನಡುವೆ ನಿಲ್ಲಿಸಿಕೊಳ್ಳುತ್ತವೆ. ಅವನು ಏನು ಹೇಳಿದ, ಪ್ರಭುತ್ವ ಹೇಗೆ ತಡೆಯಿತು, ಅವನು ಪಟ್ಟ ಪಾಡೇನು ಎಂಬಲ್ಲಿಗೆ ವಿವೇಚನೆ ಮುಗಿಯುತ್ತದೆ. ನೋಡಲು ಬಂದವನ ಪಾಲು ಏನೆಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಮಿನ್ಸ್ಕ್‌ನ ಆ ಮನೆಗಳಲ್ಲಿ ಪ್ರೇಕ್ಷಕನಾಗುವುದೇ ಒಂದು ಕ್ರಿಯೆಯಾಗಿತ್ತು. ನಟನ ಅಪಾಯದಲ್ಲಿ ಅವನೂ ಪಾಲುದಾರನಾಗಿದ್ದನು. ಅಂಥ ತಂಡವೊಂದು ಊರು ಕಳೆದುಕೊಂಡು ದೇಶದಿಂದ ದೇಶಕ್ಕೆ ಸಂಚರಿಸತೊಡಗಿದಾಗ, ಈ ಪಾಲುದಾರನ ಜಾಗದಲ್ಲಿ ಅದು ಏನನ್ನು ತಂದು ನಿಲ್ಲಿಸಿತು? ಅದರ ನಂತರದ ಪ್ರಯೋಗಗಳ ಗುಣ ಮತ್ತು ದೋಷ ಎರಡೂ ಈ ಪ್ರಶ್ನೆಗೆ ಅದು ಕೊಟ್ಟುಕೊಂಡ ಉತ್ತರಗಳಲ್ಲಿವೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಹಿನ್ನೆಲೆಯನ್ನು ಸಂಕ್ಷೇಪವಾಗಿ ನೋಡಬೇಕು. ಬೆಲಾರುಸ್ ಫ್ರೀ ಥಿಯೇಟರನ್ನು ನಾಟಕಕಾರ ನಿಕಲಾಯ್ ಖಲೇಜಿನ್ ಮತ್ತು ಅವರ ಪತ್ನಿ ನತಾಲಿಯಾ ಕಲ್ಯಾಡಾ 2005ರ ಮಾರ್ಚಿನಲ್ಲಿ ಸ್ಥಾಪಿಸಿದರು. ನಿರ್ದೇಶಕ ವ್ಲಾದಿಮಿರ್ ಶೆರ್ಬಾನ್ ಬೇಗನೆ ಅವರೊಡನೆ ಸೇರಿದರು. 1994ರಿಂದ ಅಲೆಕ್ಸಾಂಡರ್ ಲುಕಾಶೆಂಕೊ ಅವರ ಕೈಯಲ್ಲಿರುವ ಆ ದೇಶದಲ್ಲಿ ರಂಗಮಂದಿರಗಳು ಸರಕಾರದವು, ಅವುಗಳ ಮುಖ್ಯಸ್ಥರನ್ನು ನೇಮಿಸುವುದು ಸಂಸ್ಕೃತಿ ಸಚಿವಾಲಯ. ತಂಡದ ಮೊದಲ ಪ್ರಯೋಗ ಇಂಗ್ಲಿಷ್ ನಾಟಕಕಾರ್ತಿ ಸಾರಾ ಕೇನ್ ಅವರ ‘4.48 ಸೈಕೋಸಿಸ್’. ಖಿನ್ನತೆ ಮತ್ತು ಆತ್ಮಹತ್ಯೆಯನ್ನು ಕುರಿತ ಆ ಕೃತಿಯಲ್ಲಿ ರಾಜಕೀಯ ಘೋಷಣೆ ಒಂದೂ ಇಲ್ಲ. ಆದರೆ ಇಂಥ ವಿಷಯಗಳು ತಮ್ಮ ದೇಶದಲ್ಲಿ ಇಲ್ಲವೇ ಇಲ್ಲ ಎಂದುಕೊಂಡಿದ್ದ ವ್ಯವಸ್ಥೆಗೆ ಅದೇ ಸಾಕಷ್ಟು ಇರಿಸುಮುರಿಸಿನ ಸಂಗತಿಯಾಗಿತ್ತು.

ಇಲ್ಲಿ ಒಂದು ವ್ಯತ್ಯಾಸವನ್ನು ಮುಂಬಯಿ, ಪುಣೆಗಳ ನಮ್ಮ ಓದುಗರು ಸುಲಭವಾಗಿ ಗ್ರಹಿಸಬಲ್ಲರು. 1972ರಲ್ಲಿ ವಿಜಯ ತೆಂಡುಲ್ಕರರ ‘ಸಖಾರಾಮ್ ಬೈಂಡರ್’ ನಾಟಕವನ್ನು ಮಹಾರಾಷ್ಟ್ರದ ಪರಿಶೀಲನಾ ಮಂಡಳಿ ತಡೆದಾಗ, ತಡೆಯುವ ಆದೇಶವೊಂದಿತ್ತು. ಆದೇಶವಿದ್ದುದರಿಂದಲೇ ನಿರ್ದೇಶಕ ಕಮಲಾಕರ ಸಾರಂಗ್ ಅದನ್ನು ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿ ಗೆಲ್ಲಲು ಸಾಧ್ಯವಾಯಿತು. ಮಿನ್ಸ್ಕ್‌ನಲ್ಲಿ ಹಾಗೆ ಎದುರಿಗೆ ಹಿಡಿದು ವಾದಿಸಬಹುದಾದ ಕಾಗದವೇ ಇರಲಿಲ್ಲ. ಸಭಾಂಗಣ ಸಿಗುವುದಿಲ್ಲ, ನೋಂದಣಿ ಆಗುವುದಿಲ್ಲ, ಸರಕಾರಿ ರಂಗಮಂದಿರದಲ್ಲಿ ನೌಕರಿಯಲ್ಲಿದ್ದ ನಟ ನೌಕರಿ ಕಳೆದುಕೊಳ್ಳುತ್ತಾನೆ, ಅಷ್ಟೆ. 2007ರ ಆಗಸ್ಟಿನಲ್ಲಿ ಎಡ್ವರ್ಡ್ ಬಾಂಡ್ ಅವರ ‘ಇಲೆವೆನ್ ವೆಸ್ಟ್ಸ್’ ನಾಟಕ ಒಂದು ಖಾಸಗಿ ಮನೆಯಲ್ಲಿ ನಡೆಯುತ್ತಿದ್ದಾಗ ಪೊಲೀಸರು ನುಗ್ಗಿ ನಟರು, ಪ್ರೇಕ್ಷಕರು ಎಲ್ಲ ಸೇರಿ ಸುಮಾರು 50 ಜನರನ್ನು ಒಯ್ದರು. ಪಾಸ್‌ಪೋರ್ಟಿನ ಸೂಚನೆ ಹುಸಿ ಭಯದಿಂದ ಹುಟ್ಟಿದ್ದಲ್ಲವೆಂಬುದು ಅಂದು ರುಜುವಾತಾಯಿತು.

2010ರ ಡಿಸೆಂಬರ್ 19ರ ಅಧ್ಯಕ್ಷೀಯ ಚುನಾವಣೆಯ ರಾತ್ರಿ ಮಿನ್ಸ್ಕ್‌ನ ಚೌಕದಲ್ಲಿ ಸೇರಿದ್ದವರ ಮೇಲೆ ಬಲಪ್ರಯೋಗವಾಯಿತು. ಬಂಧಿತರಲ್ಲಿ ಕಲ್ಯಾಡಾ ಕೂಡ ಇದ್ದರು. ಕೆಲವೇ ದಿನಗಳಲ್ಲಿ ತಂಡ ಗುಟ್ಟಾಗಿ ಗಡಿ ದಾಟಿ, 2011ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ನಾಟಕವಾಡಿತು. ಸ್ಥಾಪಕರು ಬ್ರಿಟನ್ನಿನಲ್ಲಿ ಆಶ್ರಯ ಪಡೆದರು, ಲಂಡನ್ನಿನ ಯಂಗ್ ವಿಕ್ ರಂಗಮಂದಿರ ಅವರಿಗೆ ನೆಲೆಯಾಯಿತು. ನಟರಲ್ಲಿ ಹಲವರು ಮಿನ್ಸ್ಕ್‌ಗೆ ಹಿಂದಿರುಗಿ ಗುಟ್ಟಿನ ಪ್ರಯೋಗಗಳನ್ನು ಮುಂದುವರಿಸಿದರು. ಲಂಡನ್ನಿನ ನಿರ್ದೇಶಕ ಸ್ಕೈಪಿನ ಮೂಲಕ ಮಿನ್ಸ್ಕ್‌ನ ತಾಲೀಮನ್ನು ನಡೆಸುವ ವಿಚಿತ್ರ ವ್ಯವಸ್ಥೆ ಹತ್ತು ವರ್ಷ ಸಾಗಿತು. 2020ರ ಚುನಾವಣೆಯ ನಂತರದ ದಮನ ಅದನ್ನೂ ಅಸಾಧ್ಯವಾಗಿಸಿತು. 2021ರಲ್ಲಿ ಉಳಿದ ನಟವರ್ಗವೂ ದೇಶ ಬಿಟ್ಟಿತು. ಹೀಗೆ ಅರ್ಧ ಊರಿನಲ್ಲಿ, ಅರ್ಧ ಹೊರಗೆ ಇದ್ದ ತಂಡ ಪೂರ್ಣವಾಗಿ ಸಂಚಾರಿಯಾಯಿತು. ಈ ಅವಧಿಯಲ್ಲಿ ಬೇರೆ ಬೇರೆ ದೇಶಗಳ ಕಲಾವಿದರು ಅದರೊಡನೆ ಸೇರಿದ್ದರಿಂದ, ಒಂದು ದೇಶದ ಹೆಸರು ಹೊತ್ತಿದ್ದರೂ ಅದನ್ನು ಅಂತರರಾಷ್ಟ್ರೀಯ ಕಲಾವಿದರ ಕೂಟವೆಂದೇ ಪರಿಗಣಿಸಬೇಕಾಗಿದೆ.

ಈ ತಂಡದ ಕೀರ್ತಿಯನ್ನು ಹೊರನಾಡುಗಳಲ್ಲಿ ನೆಲೆಗೊಳಿಸಿದ ಕೃತಿ ‘ಬೀಯಿಂಗ್ ಹೆರಾಲ್ಡ್ ಪಿಂಟರ್’. ಪಿಂಟರ್ ಅವರ 2005ರ ನೊಬೆಲ್ ಉಪನ್ಯಾಸ, ಅವರ ಹಲವು ನಾಟಕಗಳ ತುಣುಕುಗಳು, ಬೆಲಾರುಸಿನ ರಾಜಕೀಯ ಕೈದಿಗಳ ಪತ್ರಗಳು ಈ ಮೂರನ್ನೂ ಶೆರ್ಬಾನ್ ಒಂದೇ ಪಠ್ಯವಾಗಿ ಹೆಣೆದರು. 2007ರ ಏಪ್ರಿಲ್‌ನಲ್ಲಿ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಪಿಂಟರ್ ಅವರ ಎದುರಿನಲ್ಲೇ ಇದರ ಪ್ರಯೋಗವಾಯಿತು. ಕೃತಿಯ ಶಕ್ತಿ ಇರುವುದು ಅದರ ಕ್ರಮದಲ್ಲಿ. ಮನೆಯೊಳಗಿನ ಕ್ರೌರ್ಯದ ದೃಶ್ಯಗಳು ಮೊದಲು ಬರುತ್ತವೆ. ಗಂಡ ಹೆಂಡತಿಯನ್ನು, ತಂದೆ ಮಕ್ಕಳನ್ನು ಮಾತಿನಿಂದ ಹಿಂಡುವ ಆ ಬಗೆ ಬರಬರುತ್ತ ವಿಚಾರಣಾ ಕೊಠಡಿಯ ಬಗೆಯಾಗುತ್ತದೆ. ಕೊನೆಗೆ ನಟರು ಒಂದು ದೊಡ್ಡ ಪ್ಲಾಸ್ಟಿಕ್ ಹಾಳೆಯಡಿ ಸಿಲುಕಿ ಒದ್ದಾಡುತ್ತಿರುವಾಗ ನಿಜವಾದ ಕೈದಿಗಳ ಪತ್ರಗಳು ಕೇಳಿಬರುತ್ತವೆ. ಪಿಂಟರ್ ಮುಗಿದು ಬೆಲಾರುಸ್ ಆರಂಭವಾದ ಗೆರೆ ಎಲ್ಲಿತ್ತೆಂದು ನೋಡುಗನಿಗೆ ತಟ್ಟನೆ ಹೇಳಲಾಗುವುದಿಲ್ಲ. ಪಿಂಟರ್ ಊಹಿಸಿ ಬರೆದದ್ದನ್ನು ಈ ನಟರು ಅನುಭವಿಸಿ ಬಂದಿದ್ದರು ಎಂಬ ಮಾತನ್ನು ಹಲವರು ಬರೆದಿದ್ದಾರೆ. ಅದು ನಿಜವಿರಬಹುದು, ಆದರೆ ಅನುಭವಿಸಿದವರೆಲ್ಲರೂ ಹೀಗೆ ಜೋಡಿಸಲಾರರು. ಜೋಡಣೆಗೆ ಸಲ್ಲಬೇಕಾದ ಮನ್ನಣೆಯನ್ನು ಅನುಭವಕ್ಕೆ ಸಲ್ಲಿಸಿ ಕೈತೊಳೆದುಕೊಳ್ಳುವುದು ವಿಮರ್ಶೆಯ ಸೋಮಾರಿತನ.

ಪಶ್ಚಿಮದ ಪತ್ರಿಕೆಗಳಲ್ಲಿ ಈ ತಂಡದ ಬಗ್ಗೆ ಬಂದ ಬರೆಹಗಳಲ್ಲಿ ಈ ಸೋಮಾರಿತನ ವಿಶೇಷವಾಗಿ ಕಾಣುತ್ತದೆ. ಧೈರ್ಯದ ವರ್ಣನೆಗೆ ಮುಕ್ಕಾಲು ಪಾಲು ಜಾಗ ಹೋಗಿ, ನಾಟಕದ ವಿಚಾರಕ್ಕೆ ಬರುವಷ್ಟರಲ್ಲಿ ಬರೆಹ ಮುಗಿಯುತ್ತದೆ. ನೊಂದವರ ಕೃತಿಯನ್ನು ಕೃತಿಯಾಗಿ ಅಳೆಯಲು ಸಂಕೋಚಪಡುವುದು ಮೇಲ್ನೋಟಕ್ಕೆ ಸೌಜನ್ಯವೆನಿಸುತ್ತದೆ. ಆದರೆ ಕಲೆಯ ಸ್ವಾತಂತ್ರ್ಯಕ್ಕಾಗಿ ಹೊರಟವರಿಗೆ ಕಲಾವಿದರಾಗಿ ಸೋಲುವ ಸ್ವಾತಂತ್ರ್ಯವನ್ನೂ ಕೊಡದೆ ಹೋದರೆ, ಅವರನ್ನು ಸಾಕ್ಷಿಗಳೆಂದು ಮಾತ್ರ ಎಣಿಸಿದಂತಾಗುತ್ತದೆ. ನಮ್ಮಲ್ಲಿಯೂ ಇದು ಹೊಸದಲ್ಲ. ವಚನಕಾರರನ್ನು ಓದುವಾಗ ಕಲ್ಯಾಣದ ದುರಂತದ ನೆನಪು ಎಷ್ಟು ಬೇಗ ವಚನದ ಮುಂದೆ ಬಂದು ನಿಲ್ಲುತ್ತದೆಂಬುದನ್ನು ಮಧ್ಯಕಾಲೀನ ಸಾಹಿತ್ಯದ ವಿದ್ಯಾರ್ಥಿಯಾದ ನಾನು ತರಗತಿಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ; ಹಲವು ಸಲ ಆ ತಪ್ಪನ್ನು ಮಾಡಿಯೂ ಇದ್ದೇನೆ.

ವಚನಗಳ ಪ್ರಸ್ತಾಪ ಬಂದುದರಿಂದ ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳುವುದು ಉಚಿತ. 12ನೆಯ ಶತಮಾನದಲ್ಲಿ ಒಂದು ಸಂದರ್ಭದಲ್ಲಿ, ಆ ಸಂದರ್ಭ ಬಲ್ಲವರ ಎದುರಿಗೆ ಹುಟ್ಟಿದ ವಚನಗಳಿಗೆ ವಿವರಣೆಯ ಅಗತ್ಯವಿರಲಿಲ್ಲ. ಕಲ್ಯಾಣದಿಂದ ಚದುರಿದ ಅವು 15ನೆಯ ಶತಮಾನದ ವಿಜಯನಗರ ಕಾಲದಲ್ಲಿ ‘ಶೂನ್ಯಸಂಪಾದನೆ’ಯಂಥ ಸಂಕಲನಗಳಾಗಿ ಮತ್ತೆ ಒಂದೆಡೆ ಸೇರಿದಾಗ, ಪ್ರತಿ ವಚನಕ್ಕೂ ಗದ್ಯದ ಒಂದು ಚೌಕಟ್ಟು ಬೇಕಾಯಿತು: ಯಾರು ಬಂದರು, ಏನು ಕೇಳಿದರು, ಅದಕ್ಕೆ ಇವರು ಏನೆಂದರು. ಹುಟ್ಟಿದ ಸಂದರ್ಭದಿಂದ ದೂರ ಬಂದ ಮಾತಿಗೆ ಸಂದರ್ಭವನ್ನು ಕಟ್ಟಿಕೊಡಲೇಬೇಕು. ಆದರೆ ಹಾಗೆ ಕಟ್ಟುವವನು ಮಾತಿನ ಅರ್ಥವನ್ನು ಒಂದು ದಿಕ್ಕಿಗೆ ತಿರುಗಿಸಿಯೂ ಬಿಡುತ್ತಾನೆ. ಸಂಚಾರಿ ರಂಗಭೂಮಿಯ ಸಂಕಟವೂ ಇದೇ. ಖಲೇಜಿನ್ ಅವರ ಆತ್ಮಕಥನಾತ್ಮಕ ಏಕವ್ಯಕ್ತಿ ನಾಟಕ ‘ಜನರೇಷನ್ ಜೀನ್ಸ್’ ಇದಕ್ಕೆ ಒಳ್ಳೆಯ ನಿದರ್ಶನ. ಸೋವಿಯತ್ ಕಾಲದಲ್ಲಿ ಕದ್ದುಮುಚ್ಚಿ ಮಾರಾಟವಾಗುತ್ತಿದ್ದ ಜೀನ್ಸ್ ಬಟ್ಟೆ ಮತ್ತು ರಾಕ್ ಸಂಗೀತದ ತಟ್ಟೆಗಳು ಒಂದು ತಲೆಮಾರಿಗೆ ಬಿಡುಗಡೆಯ ಸಂಕೇತವಾದ ಕಥೆ ಅದು. 2006ರ ಮಿನ್ಸ್ಕ್ ಪ್ರತಿಭಟನೆಗಳ ಹೊತ್ತಿಗೆ ಜೀನ್ಸ್ ಬಟ್ಟೆಯೇ ಬಾವುಟದ ಸ್ಥಾನ ಪಡೆದಿತ್ತು. ಮಿನ್ಸ್ಕ್‌ನ ಕೋಣೆಯಲ್ಲಿ ನಟ ಆ ಬಟ್ಟೆಯನ್ನು ಎತ್ತಿ ಹಿಡಿದರೆ ಸಾಕು, ನೋಡುವವರಿಗೆ ಎಲ್ಲವೂ ಗೊತ್ತು. ಜೀನ್ಸ್ ತೊಟ್ಟೇ ಬಂದು ಕುಳಿತಿರುವ ಲಂಡನ್ನಿನ ಪ್ರೇಕ್ಷಕನಿಗೆ ಅದನ್ನು ವಿವರಿಸಬೇಕು. ವಿವರಿಸಿದಾಗ ಅವನಿಗೆ ಅರ್ಥವಾಗುತ್ತದೆ, ಆದರೆ ಕೋಣೆಯಲ್ಲಿದ್ದ ಕದ್ದ ನಗು ಹುಟ್ಟುವುದಿಲ್ಲ.

ವಿವರಣೆಯ ಈ ಒತ್ತಡ ಅತಿ ಹೆಚ್ಚಾಗಿ ಕಾಣುವುದು 2016ರ ‘ಬರ್ನಿಂಗ್ ಡೋರ್ಸ್’ನಲ್ಲಿ. ತಂಡದ ಪ್ರಯೋಗಗಳಲ್ಲಿ ಕಲಾಸ್ವಾತಂತ್ರ್ಯವನ್ನೇ ನೇರ ವಸ್ತುವಾಗಿ ಉಳ್ಳ ಕೃತಿ ಇದು. ಮೂವರು ಕಲಾವಿದರ ಪ್ರಕರಣಗಳು ಇದರ ಆಧಾರ. ಒಬ್ಬರು, 2012ರ ಫೆಬ್ರವರಿಯಲ್ಲಿ ಮಾಸ್ಕೋದ ಪ್ರಧಾನ ಚರ್ಚಿನಲ್ಲಿ ಪುಸಿ ರಾಯಟ್ ತಂಡ ನಡೆಸಿದ ಪ್ರತಿಭಟನಾ ಗಾಯನಕ್ಕಾಗಿ ಎರಡು ವರ್ಷದ ಸೆರೆವಾಸದ ಶಿಕ್ಷೆಗೊಳಗಾದ ಮರಿಯಾ ಅಲ್ಯೋಖಿನಾ. ಇವರು ಸ್ವತಃ ಈ ನಾಟಕದಲ್ಲಿ ನಟಿಸಿದರು. ಎರಡನೆಯವರು, 2015ರ ನವೆಂಬರಿನಲ್ಲಿ ಮಾಸ್ಕೋದ ಲುಬ್ಯಾಂಕಾದಲ್ಲಿರುವ ಗುಪ್ತಚರ ಸಂಸ್ಥೆಯ ಕಟ್ಟಡದ ಬಾಗಿಲಿಗೆ ಬೆಂಕಿಯಿಟ್ಟ ಪ್ಯೋತ್ರ್ ಪಾವ್ಲೆನ್ಸ್ಕಿ. ನಾಟಕದ ಹೆಸರು ಈ ಘಟನೆಯಿಂದ ಬಂದದ್ದು. ಮೂರನೆಯವರು, ಕ್ರಿಮಿಯಾದ ಚಲನಚಿತ್ರ ನಿರ್ದೇಶಕ ಒಲೆಗ್ ಸೆಂತ್ಸೋವ್. 2014ರಲ್ಲಿ ಬಂಧಿತರಾಗಿ 2015ರಲ್ಲಿ 20 ವರ್ಷಗಳ ಶಿಕ್ಷೆ ಪಡೆದವರು, 2019ರ ಸೆಪ್ಟೆಂಬರಿನಲ್ಲಿ ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾದರು. ಇವುಗಳ ನಡುವೆ ದಸ್ತಯೇವ್‌ಸ್ಕಿಯ ಕೃತಿಗಳ ಭಾಗಗಳನ್ನು ಸೇರಿಸಲಾಗಿದೆ.

ರಂಗದ ಮೇಲೆ ಕಾಣುವುದು ಮುಖ್ಯವಾಗಿ ದೇಹಗಳು. ಹಗ್ಗಕ್ಕೆ ಕಟ್ಟಿದ ನಟ ಮುಂದಕ್ಕೆ ಓಡುತ್ತಾನೆ, ಹಗ್ಗ ಹಿಂದಕ್ಕೆ ಎಳೆಯುತ್ತದೆ, ಮತ್ತೆ ಓಡುತ್ತಾನೆ. ಒಂದು ತಲೆ ನೀರಿನಲ್ಲಿ ಮತ್ತೆ ಮತ್ತೆ ಮುಳುಗುತ್ತದೆ. ಇವು ಅಭಿನಯವಲ್ಲ, ನಟರು ನಿಜವಾಗಿಯೂ ದಣಿಯುತ್ತಿದ್ದಾರೆ, ಏದುಸಿರು ಬಿಡುತ್ತಿದ್ದಾರೆ. ನಾಟಕದ ಮಧ್ಯೆ ಎಲ್ಲವೂ ನಿಂತು, ಅಲ್ಯೋಖಿನಾ ಪ್ರೇಕ್ಷಕರ ಪ್ರಶ್ನೆಗಳಿಗೆ ಉತ್ತರಿಸುವ ಭಾಗವೊಂದು ಬರುತ್ತದೆ. ಕಳೆದುಹೋದ ಅಪಾಯದ ಜಾಗದಲ್ಲಿ ಇಲ್ಲಿ ದೇಹದ ನೋವನ್ನು ತಂದು ನಿಲ್ಲಿಸಲಾಗಿದೆ. ನನ್ನ ದೃಷ್ಟಿಯಲ್ಲಿ ಇದು ಸೋತ ಆಯ್ಕೆ. ಮಿನ್ಸ್ಕ್‌ನಲ್ಲಿ ನಟನಿಗೆ ಆಗಬಹುದಾದದ್ದು ಪ್ರೇಕ್ಷಕನಿಗೂ ಆಗಬಹುದಿತ್ತು. ಇಲ್ಲಿ ನಟ ನೋಯುತ್ತಾನೆ, ಪ್ರೇಕ್ಷಕ ನೋಯುವುದನ್ನು ನೋಡುತ್ತಾನೆ. ನೋವು ಹೆಚ್ಚಿದಷ್ಟೂ ಇವರಿಬ್ಬರ ನಡುವಿನ ಅಂತರ ಹೆಚ್ಚುತ್ತದೆ. ಪ್ರಶ್ನೋತ್ತರ ಈ ಅಂತರವನ್ನು ತುಂಬುವ ಉದ್ದೇಶದ್ದಾದರೂ, ಅದು ನಾಟಕವನ್ನು ಸಭೆಯಾಗಿಸುತ್ತದೆ. ಶೂನ್ಯಸಂಪಾದನೆಯ ಗದ್ಯಕ್ಕಿದ್ದ ಕಲಾತ್ಮಕತೆ ಈ ಚೌಕಟ್ಟಿಗೆ ದಕ್ಕಿಲ್ಲ.

ಈ ಕೃತಿಯ ಇನ್ನೊಂದು ತೊಡಕನ್ನು ಕಾಲವೇ ತೋರಿಸಿಕೊಟ್ಟಿತು. ಪಾವ್ಲೆನ್ಸ್ಕಿ 2017ರಲ್ಲಿ ರಷ್ಯಾ ತೊರೆದು ಫ್ರಾನ್ಸಿನಲ್ಲಿ ಆಶ್ರಯ ಪಡೆದರು. ಅದೇ ವರ್ಷ ಅಕ್ಟೋಬರಿನಲ್ಲಿ ಪ್ಯಾರಿಸಿನಲ್ಲಿ ಫ್ರಾನ್ಸ್ ಬ್ಯಾಂಕಿನ ಕಟ್ಟಡವೊಂದಕ್ಕೆ ಬೆಂಕಿಯಿಟ್ಟು ಅಲ್ಲಿಯೂ ಸೆರೆಮನೆ ಸೇರಿದರು. ಮಾಸ್ಕೋದ ಬೆಂಕಿಯನ್ನು ಕಲೆಯೆಂದು ಮೆಚ್ಚಿದ್ದ ಹಲವರಿಗೆ ಪ್ಯಾರಿಸಿನ ಬೆಂಕಿಯನ್ನು ಏನೆಂದು ಕರೆಯಬೇಕೆಂದು ತಿಳಿಯದಾಯಿತು. ಕಲೆ ಎಲ್ಲಿ ಮುಗಿಯುತ್ತದೆ, ಅಪರಾಧ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆಯನ್ನು ನಾಟಕ ತಾನಾಗಿ ಎತ್ತಿಕೊಳ್ಳಬಹುದಿತ್ತು. ಶೌಚಾಲಯದಲ್ಲಿ ಕುಳಿತು ಇಬ್ಬರು ಅಧಿಕಾರಿಗಳು ಆಧುನಿಕ ಕಲೆಯ ಬಗ್ಗೆ ಹರಟುವ ವ್ಯಂಗ್ಯದ ದೃಶ್ಯದಲ್ಲಿ ಅದರ ಬೀಜವಿತ್ತು. ಪಕ್ಷ ವಹಿಸುವ ಆತುರದಲ್ಲಿ ಅದು ಮೊಳೆಯಲಿಲ್ಲ.

ಇದಕ್ಕಿಂತ ಮೂರು ವರ್ಷ ಮೊದಲು, 2013ರಲ್ಲಿ ಬಂದ ‘ಟ್ರ್ಯಾಶ್ ಕ್ವಿಸೀನ್’ ಈ ಸಮಸ್ಯೆಯನ್ನು ಹೆಚ್ಚು ಜಾಣತನದಿಂದ ಎದುರಿಸಿತ್ತು ಎಂಬುದು ಗಮನಾರ್ಹ. ಮರಣದಂಡನೆ ಇದರ ವಸ್ತು. ಯುರೋಪಿನಲ್ಲಿ ಇಂದಿಗೂ ಅದನ್ನು ಜಾರಿಗೊಳಿಸುವ ದೇಶ ಬೆಲಾರುಸ್ ಒಂದೇ. ಬೇರೆ ಬೇರೆ ದೇಶಗಳ ವಧಾಪದ್ಧತಿಗಳನ್ನು ಒಂದು ಭೋಜನಕೂಟದ ರೂಪದಲ್ಲಿ, ಅಡುಗೆ ಮತ್ತು ಊಟದ ನಡುವೆ ಇಡಲಾಗಿದೆ. ಎರಡು ದೇಶಗಳ ವಧಕಾರರು ಸ್ಟ್ರಾಬೆರಿ ತಿನ್ನುತ್ತ ವೃತ್ತಿಯ ವಿಚಾರ ವಿನಿಮಯ ಮಾಡಿಕೊಳ್ಳುತ್ತಾರೆ. ಕೊನೆಯ ದೃಶ್ಯದಲ್ಲಿ ನಟರೆಲ್ಲ ಸಾಲಾಗಿ ನಿಂತು ಈರುಳ್ಳಿ ಕೊಚ್ಚತೊಡಗುತ್ತಾರೆ. ರಾಶಿ ರಾಶಿ ಈರುಳ್ಳಿ. ಅವರ ಕಣ್ಣಲ್ಲಿ ನೀರು ಸುರಿಯುತ್ತದೆ. ಘಾಟು ಸಭಾಂಗಣಕ್ಕೆ ಹಬ್ಬಿ ಕುಳಿತವರ ಕಣ್ಣಲ್ಲೂ ನೀರು ಬರುತ್ತದೆ.

ಈ ಈರುಳ್ಳಿಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ದೂರದ ದೇಶದ ದುಃಖಕ್ಕೆ ಸುರಕ್ಷಿತವಾಗಿ ಕುಳಿತು ಅಳುವ ಪ್ರೇಕ್ಷಕನನ್ನು ಅದು ಗೇಲಿ ಮಾಡುತ್ತಿದೆಯೇ? ಹೌದು. ನಿನ್ನ ಕಣ್ಣೀರಿಗೆ ಕಾರಣ ಈರುಳ್ಳಿಯೇ ಹೊರತು ಕರುಣೆಯಲ್ಲ ಎನ್ನುವಂತಿದೆ ಅದು. ಆದರೆ ಅದೇ ಹೊತ್ತಿಗೆ ಪ್ರೇಕ್ಷಕ ತಪ್ಪಿಸಿಕೊಳ್ಳಲಾಗದಂತೆ ಅವನ ದೇಹವನ್ನೂ ಅದು ಒಳಗೆಳೆದುಕೊಂಡಿದೆ. ನಟನ ಕಣ್ಣಿಗೆ ಆದದ್ದು ನೋಡುವವನ ಕಣ್ಣಿಗೂ ಆಗುತ್ತಿದೆ. ಮಿನ್ಸ್ಕ್‌ನ ಹಂಚಿಕೊಂಡ ಅಪಾಯದ ಒಂದು ಕಿರಿದಾದ, ನಗೆ ಬೆರೆತ ನೆರಳು ಇಲ್ಲಿ ಮೂಡುತ್ತದೆ. ಕಾಲ್ಪನಿಕವೆಂದು ತಾನೇ ಒಪ್ಪಿಕೊಳ್ಳುವ ಈ ದುಃಖ ‘ಬರ್ನಿಂಗ್ ಡೋರ್ಸ್’ನ ನಿಜವಾದ ನೋವಿಗಿಂತ ಹೆಚ್ಚು ಪ್ರಾಮಾಣಿಕವಾಗಿದೆ. ನಮ್ಮ ಅಲಂಕಾರಿಕರು ಲೌಕಿಕ ಶೋಕ ಮತ್ತು ಕರುಣರಸದ ನಡುವೆ ಮಾಡಿದ ಭೇದವನ್ನು ಇಲ್ಲಿ ನೆನೆಯಬಹುದು. ಅವರು ಈರುಳ್ಳಿಯನ್ನು ವಿಭಾವವೆಂದು ಒಪ್ಪುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು.

ಹೊರನಾಡಿನಲ್ಲಿ ಕನ್ನಡವನ್ನು ಕಲಿಸುವ, ಸಂಶೋಧಿಸುವ ನಮಗೆ ಅತ್ಯಂತ ಹತ್ತಿರವೆನಿಸಬಹುದಾದ ಪ್ರಯೋಗ ಮಾತ್ರ ಬೇರೆಯೇ. 2012ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರ ಶೇಕ್ಸ್‌ಪಿಯರ್‌ನ 37 ನಾಟಕಗಳನ್ನು 37 ಭಾಷೆಗಳಲ್ಲಿ ಆಡಿಸಿದ ಉತ್ಸವದಲ್ಲಿ ಈ ತಂಡ ‘ಕಿಂಗ್ ಲಿಯರ್’ ನಾಟಕವನ್ನು ಬೆಲಾರುಸಿಯನ್ ಭಾಷೆಯಲ್ಲಿ ಆಡಿತು. ಇದರ ಮಹತ್ವ ತಿಳಿಯಲು ಆ ಭಾಷೆಯ ಸ್ಥಿತಿಯನ್ನು ತಿಳಿಯಬೇಕು. 1995ರ ಜನಮತಗಣನೆಯಲ್ಲಿ ರಷ್ಯನ್ ಭಾಷೆಗೆ ಅಲ್ಲಿ ಸಮಾನ ಅಧಿಕೃತ ಸ್ಥಾನ ಸಿಕ್ಕಿತು. ಆಮೇಲೆ ಕಚೇರಿ, ಶಾಲೆ, ಬೀದಿಗಳಲ್ಲಿ ಬೆಲಾರುಸಿಯನ್ ಹಿಂದೆ ಸರಿಯಿತು. ದೇಶದ ಹೆಸರಿನ ಭಾಷೆಯನ್ನು ರಾಜಧಾನಿಯಲ್ಲಿ ಎದ್ದು ನಿಂತು ಆಡಿದರೆ ಅದೇ ಒಂದು ರಾಜಕೀಯ ನಿಲುವಿನಂತೆ ಕಾಣುವ ಸ್ಥಿತಿ ಬಂದಿತು. ತಂಡದ ಆರಂಭದ ಪ್ರಯೋಗಗಳಲ್ಲೂ ರಷ್ಯನ್ನಿನದೇ ಪ್ರಾಧಾನ್ಯವಿತ್ತು. ತಾಯ್ನಾಡಿನಿಂದ ಹೊರದೂಡಿಸಿಕೊಂಡ ಮೇಲೆ, ಶೇಕ್ಸ್‌ಪಿಯರನ ಊರಿನಲ್ಲಿ, ಅವರು ತಮ್ಮ ಭಾಷೆಗೆ ಮರಳಿದರು.

ಆ ಉತ್ಸವದಲ್ಲಿ ಸಂಭಾಷಣೆಯ ಪೂರ್ಣ ಇಂಗ್ಲಿಷ್ ಅನುವಾದವನ್ನು ತೋರಿಸುತ್ತಿರಲಿಲ್ಲ, ದೃಶ್ಯದ ಸಾರಾಂಶ ಮಾತ್ರ ಇರುತ್ತಿತ್ತು. ಹಾಗಾಗಿ ಮೊದಲ ಬಾರಿಗೆ ಈ ತಂಡಕ್ಕೆ ವಿವರಿಸುವ ಹೊಣೆ ಇರಲಿಲ್ಲ. ಕಥೆ ಎಲ್ಲರಿಗೂ ಗೊತ್ತಿದ್ದದ್ದು, ಮಾತು ಹೆಚ್ಚಿನವರಿಗೆ ಗೊತ್ತಿಲ್ಲದ್ದು. ರಾಜ್ಯ ಹಂಚುವ ದೃಶ್ಯದಲ್ಲಿ ಲಿಯರ್ ನಕ್ಷೆ ಬಿಡಿಸುವುದಿಲ್ಲ. ಹೆಣ್ಣುಮಕ್ಕಳು ಒಡ್ಡಿದ ಲಂಗದ ಮಡಿಲಿಗೆ ಮಣ್ಣನ್ನೇ ಸುರಿಯುತ್ತಾನೆ. ಬಿರುಗಾಳಿಯ ದೃಶ್ಯಕ್ಕೆ ನಟರು ಹಿಡಿದು ಬಡಿಯುವ ಒಂದು ದೊಡ್ಡ ನೀಲಿ ಟಾರ್ಪಾಲು ಸಾಕಾಗುತ್ತದೆ. ಎಲ್ಲಿಯೂ ಬೆಲಾರುಸಿನ ಪ್ರಸ್ತಾಪವಿಲ್ಲ, ಯಾವ ಕೈದಿಯ ಹೆಸರೂ ಇಲ್ಲ. ಆದರೆ ಮುಪ್ಪಿನ ಒಡೆಯ, ಅವನ ಹೊಗಳಿಕೆಯ ದಾಹ, ಮಡಿಲಲ್ಲಿ ಮಣ್ಣು ಹೊತ್ತು ನಿಂತ ಮಕ್ಕಳು, ಏನೂ ಹೇಳಲಾರೆನೆಂದು ಸುಮ್ಮನಾದ ಕಿರಿಯಳು ಹೊರದೂಡಿಸಿಕೊಳ್ಳುವುದು ಇವೆಲ್ಲವನ್ನೂ ಆ ಭಾಷೆಯಲ್ಲಿ ಕೇಳಿದ ಬೆಲಾರುಸಿನವನಿಗೆ ಬೇರೆ ಟಿಪ್ಪಣಿ ಬೇಕಾಗಿರಲಿಲ್ಲ. ಮರುಕವನ್ನು ಬೇಡದ ಪ್ರಯೋಗ ಇದು. ಸಂಚಾರದಲ್ಲಿ ಕಳೆದುಹೋದ ಪ್ರೇಕ್ಷಕನಿಗೆ ಬದಲಿಯನ್ನು ಹುಡುಕುವುದನ್ನು ಬಿಟ್ಟು, ಇದ್ದಲ್ಲಿ ಇಲ್ಲದ ಆ ಪ್ರೇಕ್ಷಕನನ್ನೇ ಉದ್ದೇಶಿಸಿ ಅದು ಮಾತನಾಡಿತು, ಉಳಿದವರು ಕೇಳಿಸಿಕೊಂಡರು. ತಂಡದ ಪ್ರಯೋಗಗಳಲ್ಲಿ ಇದನ್ನೇ ನಾನು ಮೇಲ್ಮಟ್ಟದ್ದೆಂದು ಎಣಿಸುತ್ತೇನೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಕೆಲಕಾಲದ ಹಿಂದೆ ಸಂಶೋಧಕರ ಗೋಷ್ಠಿಯೊಂದರಲ್ಲಿ ಈ ವಿಚಾರವನ್ನು ಮಂಡಿಸಿದಾಗ ವಿದ್ಯಾರ್ಥಿಯೊಬ್ಬಳು ಕೇಳಿದ ಪ್ರಶ್ನೆ ಅದು: ಹೊರಗೆ ಹೋಗಿ ಆಡುವುದಕ್ಕಿಂತ ಇದ್ದಲ್ಲಿಯೇ ನಿಂತು ಆಡುವುದು ದೊಡ್ಡದಲ್ಲವೇ, ಸರ್? ಅವಳ ಮನಸ್ಸಿನಲ್ಲಿದ್ದ ಉದಾಹರಣೆ ದೆಹಲಿಯ ಜನನಾಟ್ಯ ಮಂಚ್. 1989ರ ಜನವರಿ 1ರಂದು ಸಾಹಿಬಾಬಾದಿನ ಝಂಡಾಪುರದಲ್ಲಿ ‘ಹಲ್ಲಾ ಬೋಲ್’ ಬೀದಿನಾಟಕ ನಡೆಯುತ್ತಿದ್ದಾಗ ತಂಡದ ಮೇಲೆ ದಾಳಿಯಾಗಿ, ತೀವ್ರವಾಗಿ ಗಾಯಗೊಂಡ ಸಫ್ದರ್ ಹಾಶ್ಮಿ ಮರುದಿನ ತೀರಿಕೊಂಡರು. ಜನವರಿ 4ರಂದು ಅವರ ಪತ್ನಿ ಮಲಯಶ್ರೀ ಹಾಶ್ಮಿ ಮತ್ತು ತಂಡ ಅದೇ ಜಾಗಕ್ಕೆ ಹೋಗಿ ನಿಂತುಹೋಗಿದ್ದ ಅದೇ ನಾಟಕವನ್ನು ಆಡಿದರು. ಮೂರು ದಿನಗಳ ಆ ಮರುಪಯಣದ ಮುಂದೆ ಯಾವ ವಿಶ್ವಪರ್ಯಟನೆಯೂ ಚಿಕ್ಕದಾಗಿ ತೋರಿದರೆ ಆಶ್ಚರ್ಯವಿಲ್ಲ.

ಆದರೆ ಹಿಂದಿರುಗುವ ಸಾಧ್ಯತೆ ಎಲ್ಲರಿಗೂ ಇರುವುದಿಲ್ಲ. ಇದ್ದಲ್ಲಿಯೇ ಇದ್ದವರ ಗತಿ ಏನಾಯಿತೆಂಬುದಕ್ಕೆ ಮಿನ್ಸ್ಕ್‌ನ ಯಾಂಕಾ ಕುಪಾಲಾ ರಾಷ್ಟ್ರೀಯ ರಂಗಮಂದಿರ ಸಾಕ್ಷಿ. 1920ರಲ್ಲಿ ಸ್ಥಾಪಿತವಾದ ಅದು ನೂರು ವರ್ಷ ತುಂಬುವ ಹೊಸ್ತಿಲಲ್ಲಿತ್ತು. 2020ರ ಆಗಸ್ಟಿನಲ್ಲಿ ಪ್ರತಿಭಟನಾಕಾರರ ಪರ ಮಾತನಾಡಿದ ಅದರ ಮುಖ್ಯಸ್ಥ ಪಾವೆಲ್ ಲಾತುಷ್ಕಾ ವಜಾಗೊಂಡರು. ಕಲಾವಿದರಲ್ಲಿ ಬಹುಪಾಲು ಜನ ಒಟ್ಟಾಗಿ ರಾಜೀನಾಮೆ ಕೊಟ್ಟು ಹೊರಬಂದರು. ಕಟ್ಟಡ ಉಳಿಯಿತು, ನಾಟಕ ಹೊರಗೆ ನಡೆಯಿತು. ಇನ್ನೊಂದೆಡೆ, ಅಲೆದಾಟವನ್ನು ತಾವಾಗಿ ಆರಿಸಿಕೊಂಡವರ ಚರಿತ್ರೆಯೂ ಇದೆ. 1947ರಲ್ಲಿ ನ್ಯೂಯಾರ್ಕಿನಲ್ಲಿ ಜೂಡಿತ್ ಮಲೀನಾ ಮತ್ತು ಜೂಲಿಯನ್ ಬೆಕ್ ಕಟ್ಟಿದ ಲಿವಿಂಗ್ ಥಿಯೇಟರ್, ತೆರಿಗೆ ಇಲಾಖೆ ರಂಗಮಂದಿರಕ್ಕೆ ಬೀಗ ಹಾಕಿದ ಮೇಲೆ 1964ರಲ್ಲಿ ಯುರೋಪಿಗೆ ಹೊರಟು ಹಲವು ದೇಶದವರ ಕೂಟವಾಗಿ ಬೆಳೆಯಿತು. 1971ರಲ್ಲಿ ಸೈನಿಕ ಆಡಳಿತದ ಬ್ರೆಜಿಲ್ಲಿನಲ್ಲಿ ಬಂಧನಕ್ಕೊಳಗಾಗಿ ಆ ದೇಶದಿಂದ ಹೊರಹಾಕಲ್ಪಟ್ಟಿತು. ಅವರಿಗೆ ಅಲೆದಾಟ ಒಂದು ತತ್ತ್ವವಾಗಿತ್ತು. ಬೆಲಾರುಸಿನವರಿಗೆ ಅದು ತತ್ತ್ವವಲ್ಲ, ಒದಗಿದ ಸ್ಥಿತಿ. ಎರಡನ್ನೂ ‘ಜಂಗಮ’ ಎಂಬ ನಮ್ಮ ಶಬ್ದದಿಂದ ಕರೆದುಬಿಡುವ ಆಸೆ ನನಗೂ ಒಮ್ಮೆ ಆಗಿತ್ತು. ಆದರೆ ವಚನ ಪರಂಪರೆಯಲ್ಲಿ ಜಂಗಮ ಎಂದರೆ ಸುಮ್ಮನೆ ಚಲಿಸುವವನಲ್ಲ. ಅವನು ಬಾಗಿಲಿಗೆ ಬರುತ್ತಾನೆ, ಒಳಗಿರುವ ಭಕ್ತ ದಾಸೋಹದಿಂದ ಆ ಬರವನ್ನು ಪೂರ್ಣಗೊಳಿಸುತ್ತಾನೆ. ಬರಮಾಡಿಕೊಳ್ಳುವವನಿಗೂ ಅಲ್ಲಿ ಮಾಡಬೇಕಾದ ಕಾಯಕವಿದೆ. ಟಿಕೆಟ್ಟಿನ ಹಣ ಕೊಟ್ಟು, ಕೊನೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿ ಮನೆಗೆ ಹೋಗುವುದನ್ನು ದಾಸೋಹವೆನ್ನಲು ನನಗೆ ಮನಸ್ಸಾಗಲಿಲ್ಲ.

ನಾನು ಕೂಡ ಈ ಪ್ರಯೋಗಗಳಲ್ಲಿ ಕೆಲವನ್ನು ಮಾತ್ರ, ಅದೂ ಮುದ್ರಿಕೆಯಲ್ಲಿ, ನೋಡಿದವನು. 2020ರಲ್ಲಿ ಜಗತ್ತಿನ ರಂಗಮಂದಿರಗಳೆಲ್ಲ ಮುಚ್ಚಿದ್ದಾಗ ತಂಡ ತನ್ನ ಹಳೆಯ ಪ್ರಯೋಗಗಳ ಮುದ್ರಿಕೆಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಮನೆಯ ಕುರ್ಚಿಯಲ್ಲಿ ಕುಳಿತು, ಬೇಕಾದಾಗ ನಿಲ್ಲಿಸಿ ನೋಡಿದ ನನ್ನ ಮಾತಿಗೆ ಅಷ್ಟರಮಟ್ಟಿನ ಮಿತಿಯಿದೆ. ಈರುಳ್ಳಿಯ ಘಾಟು ನನ್ನ ಕಣ್ಣಿಗೆ ತಾಕಿಲ್ಲ.

ಕೊನೆಯದಾಗಿ ‘ಡಾಗ್ಸ್ ಆಫ್ ಯುರೋಪ್’. ಆಲ್ಗೆರ್ದ್ ಬಖರೇವಿಚ್ ಅವರು ಬೆಲಾರುಸಿಯನ್ನಿನಲ್ಲಿ ಬರೆದ, 2017ರಲ್ಲಿ ಪ್ರಕಟವಾದ ಬೃಹತ್ ಕಾದಂಬರಿಯ ರಂಗರೂಪವಿದು. ಮಿನ್ಸ್ಕ್‌ನಲ್ಲಿ ಗುಟ್ಟಾಗಿ 2020ರ ಮಾರ್ಚಿನಲ್ಲಿ ಮೊದಲ ಪ್ರಯೋಗ ಕಂಡಿತು. ಲಂಡನ್ನಿನ ಬಾರ್ಬಿಕನ್ ರಂಗಮಂದಿರಕ್ಕೆ ಬರುವ ಹೊತ್ತಿಗೆ 2022ರ ಮಾರ್ಚ್ ಆಗಿತ್ತು. ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಗಿ ಆಗಿನ್ನೂ ಮೂರು ವಾರ ಕಳೆದಿರಲಿಲ್ಲ. 2049ರಲ್ಲಿ ನಡೆಯುವ ಕಥೆಯಲ್ಲಿ ಬೆಲಾರುಸ್ ಎಂಬ ದೇಶವೇ ಇಲ್ಲ, ಪೂರ್ವದ ಒಂದು ಸಾಮ್ರಾಜ್ಯ ಅದನ್ನು ನುಂಗಿದೆ. ಬರ್ಲಿನ್ನಿನ ಹೋಟೆಲೊಂದರಲ್ಲಿ ಕವಿಯೊಬ್ಬ ಸತ್ತು ಬಿದ್ದಿದ್ದಾನೆ. ಅವನು ಯಾರು, ಯಾವ ಭಾಷೆಯವನು ಎಂದು ಪತ್ತೆ ಮಾಡಲು ಒಬ್ಬ ತನಿಖಾಧಿಕಾರಿ ಯುರೋಪಿನ ಪುಸ್ತಕದಂಗಡಿಗಳನ್ನು ಅಲೆಯುತ್ತಾನೆ. ಹಿಂಸೆಯ ದೃಶ್ಯಗಳಲ್ಲಿ ತಂಡದ ಹಳೆಯ ಚಾಳಿ ಇಲ್ಲಿಯೂ ತಲೆಯೆತ್ತುತ್ತದೆ. ಮೊದಲ ಭಾಗ ಅಗತ್ಯಕ್ಕಿಂತ ಗದ್ದಲದ್ದು. ಎರಡನೆಯ ಭಾಗದಲ್ಲಿ, ಅಂಗಡಿಯಿಂದ ಅಂಗಡಿಗೆ ಹೋಗಿ ಒಂದು ಭಾಷೆಯ ಗುರುತು ಕೇಳುವ ಆ ಮನುಷ್ಯನ ಹಿಂದೆ ನಡೆಯುವಾಗ ಮಾತ್ರ ನಾಟಕ ‘ಲಿಯರ್’ನ ಎತ್ತರಕ್ಕೆ ಹತ್ತಿರ ಬರುತ್ತದೆ.

ಬಾರ್ಬಿಕನ್ನಿನ ಪ್ರಯೋಗಗಳಾದ ಎರಡು ತಿಂಗಳಿಗೆ, 2022ರ ಮೇ ತಿಂಗಳಲ್ಲಿ, ಬೆಲಾರುಸಿನಲ್ಲಿ ಈ ಕಾದಂಬರಿಯನ್ನು ಉಗ್ರವಾದಿ ಬರೆಹವೆಂದು ಘೋಷಿಸಲಾಯಿತು. ಅದನ್ನು ಅಲ್ಲಿ ಒಬ್ಬರು ಇನ್ನೊಬ್ಬರಿಗೆ ಓದಲು ಕೊಟ್ಟರೂ ತೊಂದರೆಗೆ ಸಿಲುಕಬಹುದು. ಲಂಡನ್ನಿನಲ್ಲಿ, 2023ರಲ್ಲಿ ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಸಾವಿರಾರು ಜನ ನೋಡಿದ ನಾಟಕದ ಮೂಲವನ್ನು ಮಿನ್ಸ್ಕ್‌ನ ಯಾವುದೋ ಮನೆಯಲ್ಲಿ ಯಾರೋ ಇಬ್ಬರು ಬಾಗಿಲು ಹಾಕಿಕೊಂಡು ಓದುತ್ತಿರಬಹುದು.